ಊರು ಬದಲಾಯಿತು, ತಿಂಡಿ ಎಲ್ಲಿ?

ವರ್ಗಾವಣೆ, ಕಾಲೇಜು ಸೇರ್ಪಡೆಗಳ ಗಲಾಟೆ ಮುಗಿಯುತ್ತಿದ್ದಂತೆ ಈ ವಿಭಾಗಕ್ಕೆ ಬರುವ ಪತ್ರಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳುತ್ತವೆ: ಹೊಸ ಊರಿಗೆ ಬಂದಿದ್ದೇವೆ, ಕಾಯಂ ಹೋಗುವಂಥ ಹೋಟೆಲ್ ಗೊತ್ತುಮಾಡಿಕೊಳ್ಳುವುದು ಹೇಗೆ? ಆಯ್ದ ಕೆಲವಕ್ಕೆ ಉತ್ತರ ಇಲ್ಲಿದೆ.

ಪ್ರಶ್ನೆ: ಹಾವೇರಿಯಿಂದ ಬೆಂಗಳೂರಿನ ಬಸವನಗುಡಿಗೆ ಬಂದಿದ್ದೇವೆ. ಮೊಬೈಲ್‌ನಲ್ಲಿ ನೋಡಿದರೆ ಎಲ್ಲ ಹೋಟೆಲಿಗೂ ನಾಲ್ಕರ ಮೇಲೆಯೇ ಸ್ಟಾರ್. ಹೋಗಿ ತಿಂದರೆ ಅರ್ಧಕ್ಕರ್ಧ ಸಪ್ಪೆ. ಒಳ್ಳೆಯದನ್ನು ಗುರುತಿಸುವುದು ಹೇಗೆ?

ಉತ್ತರ: ಸ್ಟಾರ್ ಕೊಡುವವರಲ್ಲಿ ಬಹಳ ಮಂದಿ ಒಂದೇ ಸಲ ಹೋದವರು. ದಿನಾ ತಿನ್ನುವವರಿಗೆ ಬೇಕಾದದ್ದು ಬೇರೆ: ಬುಧವಾರದ ಇಡ್ಲಿಯೂ ಶನಿವಾರದ ಇಡ್ಲಿಯೂ ಒಂದೇ ಥರ ಇರುತ್ತದೆಯೇ ಎಂಬುದು. ಅದು ಸ್ಟಾರಿನಲ್ಲಿ ಕಾಣುವುದಿಲ್ಲ. ನೋಡಲೇಬೇಕೆಂದರೆ ಬೈದವರು ಬರೆದದ್ದನ್ನು ಮಾತ್ರ, ತೀರಾ ಇತ್ತೀಚಿನದರಿಂದ ಹಿಂದಕ್ಕೆ ಓದಿ. ಪಾರ್ಕಿಂಗ್ ಇಲ್ಲ, ನಿಂತು ತಿನ್ನಬೇಕು ಎಂಬ ದೂರುಗಳನ್ನು ಬಿಟ್ಟುಬಿಡಿ. ‘ಮೊದಲಿನ ರುಚಿ ಇಲ್ಲ’ ಎಂದು ಹತ್ತಿರಹತ್ತಿರದ ದಿನಗಳಲ್ಲಿ ನಾಲ್ಕಾರು ಮಂದಿ ಬರೆದಿದ್ದರೆ ಮಾತ್ರ ಯೋಚಿಸಿ. ಸಾಮಾನ್ಯವಾಗಿ ಭಟ್ಟರು ಬಿಟ್ಟುಹೋಗಿರುತ್ತಾರೆ.

ಮೊದಲ ಸಲ ಹೋದಾಗ ಮಸಾಲೆ ದೋಸೆ ಬೇಡ. ಬೆಣ್ಣೆ, ಕೆಂಪು ಚಟ್ನಿ, ಪಲ್ಯದ ಅಡಿಯಲ್ಲಿ ಹಿಟ್ಟಿನ ತಪ್ಪು ಅಡಗುತ್ತದೆ. ಇಡ್ಲಿ, ವಡೆ, ಕಾಫಿ ಹೇಳಿ. ಬೆಳಗ್ಗೆ ಏಳೂವರೆಯಿಂದ ಒಂಬತ್ತರೊಳಗೆ, ವಾರದ ದಿನ. ಇಡ್ಲಿಯನ್ನು ಬೆರಳಿನಿಂದ ಒತ್ತಿ, ಒತ್ತಿದ ಜಾಗ ಮೇಲೇಳಬೇಕು. ಮುರಿದರೆ ಒಳಗೆ ಸಣ್ಣ, ಒಂದೇ ಸಮನಾದ ತೂತು ಕಾಣಬೇಕು. ದೊಡ್ಡ ತೂತು, ಲೇಸಾದ ಹಳದಿ ಬಣ್ಣ, ಕೊನೆಗೆ ನಾಲಿಗೆಯ ಮೇಲೆ ಸಾಬೂನಿನಂಥ ರುಚಿ ಇದ್ದರೆ ಹಿಟ್ಟು ಹುದುಗದೆ ಸೋಡಾದಿಂದ ಉಬ್ಬಿದೆ ಎಂದರ್ಥ. ಇನ್ನೊಂದು ಪರೀಕ್ಷೆ ಇನ್ನೂ ಸುಲಭ: ಅರ್ಧ ಇಡ್ಲಿಯನ್ನು ತಟ್ಟೆಯಲ್ಲಿ ಐದು ನಿಮಿಷ ಬಿಟ್ಟು ತಿನ್ನಿ. ಬಿಸಿ ಇದ್ದಾಗ ಎಲ್ಲ ಇಡ್ಲಿಯೂ ಮೆತ್ತಗೇ. ಉದ್ದು ಕಡಿಮೆ ಹಾಕಿದ್ದು ಆರುತ್ತಿದ್ದಂತೆ ಬಿಗಿಯುತ್ತದೆ.

ವಡೆ ತೀರಾ ಕಂದಾಗಿ, ಹೊರಪದರ ಗಟ್ಟಿಯಾಗಿ, ಕೈಗೆ ಎಣ್ಣೆ ಅಂಟಿದರೆ ಅದು ಎರಡನೇ ಸಲ ಎಣ್ಣೆ ಕಂಡದ್ದು. ಚಟ್ನಿಯಲ್ಲಿ ಹುರಿಗಡಲೆ ಇರುವುದು ತಪ್ಪಲ್ಲ, ಬರೀ ಹುರಿಗಡಲೆ ಇರುವುದು ತಪ್ಪು. ಅಂಥ ಚಟ್ನಿ ತಟ್ಟೆಯ ಅಂಚಿನಲ್ಲಿ ಬೇಗ ಒಣಗಿ ಕೂರುತ್ತದೆ. ಹನ್ನೊಂದು ಗಂಟೆಯ ಮೇಲೆ ಹೋದರೆ ಅದೇ ಚಟ್ನಿಗೆ ನೀರು ಬಿದ್ದಿರುತ್ತದೆ, ಆ ಹೊತ್ತಿನಲ್ಲಿ ಹೋಟೆಲನ್ನು ಅಳೆಯಬೇಡಿ. ಕಾಫಿ ಸುಟ್ಟ ಕಹಿ ಇದ್ದರೆ ಡಿಕಾಕ್ಷನ್ ಮತ್ತೆ ಮತ್ತೆ ಕಾಯ್ದಿದೆ. ಬಣ್ಣ ಗಾಢ, ಪರಿಮಳವಿಲ್ಲ ಎಂದರೆ ಚಿಕೋರಿ ಜಾಸ್ತಿ. ಮಿಶ್ರ ಪುಡಿಯಲ್ಲಿ ಶೇ 49ರವರೆಗೂ ಚಿಕೋರಿ ಇರಲು ನಿಯಮವೇ ಒಪ್ಪುತ್ತದೆ, ಹಾಗಾಗಿ ಕೇಳಿ ಪ್ರಯೋಜನವಿಲ್ಲ, ಕುಡಿದೇ ತಿಳಿಯಬೇಕು. ಇಷ್ಟರಲ್ಲಿ ಪಾಸಾದ ಹೋಟೆಲಿಗೆ ವಾರ ಬಿಟ್ಟು ಮತ್ತೆ ಹೋಗಿ, ಆಗ ದೋಸೆ ಹೇಳಿ.

ದೋಸೆಗೆ ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಹೋದರೆ ತಿಳಿಯುವುದು ಕ್ಯೂ ಎಷ್ಟುದ್ದ ಎಂಬುದಷ್ಟೇ. ಕಾವಲಿಯ ತುಂಬ ಒಂದರ ಹಿಂದೊಂದು ದೋಸೆ ಹುಯ್ಯುತ್ತಿದ್ದರೆ ಅದರ ಕಾವು ಇಳಿಯುತ್ತದೆ. ದೋಸೆ ಕೆಂಪಗಾಗದೆ ಬಿಳಿಚಿ, ಎಣ್ಣೆ ಹೀರಿಕೊಂಡು ಬರುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ (1943ರಿಂದ ಇದೆ) ವಾರದ ದಿನ ಹೋಗಿ, ಆದರೆ ಶುಕ್ರವಾರ ಬೇಡ, ಅಂದು ರಜೆ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜೆ. ಹಳೆಯ ಹೋಟೆಲುಗಳು ಮಧ್ಯಾಹ್ನ ಬಾಗಿಲು ಹಾಕಿ ಮತ್ತೆ ತೆರೆಯುವುದುಂಟು, ಫೋನ್ ಮಾಡಿ ಕೇಳಿಕೊಂಡು ಹೊರಡಿ. ನಿಮಗೆ ನಡೆದುಹೋಗುವಷ್ಟು ಹತ್ತಿರದ ಶಂಕರಪುರದ ಬ್ರಾಹ್ಮಣರ ಕಾಫಿ ಬಾರ್‌ನಲ್ಲಿ ಸಾಂಬಾರ್ ಕೇಳಬೇಡಿ, ಇಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಜೊತೆಗೆ ಚಟ್ನಿ, ಮುಗಿಯಿತು. ಬೋರ್ಡ್ ಗಿಡ್ಡವಾಗಿದ್ದಷ್ಟೂ ನಂಬಿಕೆ ಜಾಸ್ತಿ ಇಡಬಹುದು. ಒಂದೇ ಅಡುಗೆಮನೆಯಿಂದ ದೋಸೆ, ನೂಡಲ್ಸ್, ಪಾವ್‌ಭಾಜಿ, ಪನೀರ್ ಎಲ್ಲ ಬರುವಲ್ಲಿ ದೋಸೆಗೆ ಎರಡನೇ ದರ್ಜೆಯ ಗಮನ ಸಿಗುತ್ತದೆ.

ಇನ್ನು ಯಾರನ್ನು ಕೇಳುವುದು? ‘ಇಲ್ಲಿ ಒಳ್ಳೇ ಹೋಟೆಲ್ ಯಾವುದು’ ಎಂದು ಕೇಳಿದರೆ ಎಲ್ಲರೂ ಹೆಸರುವಾಸಿಯಾದದ್ದನ್ನೇ ಹೇಳುತ್ತಾರೆ. ‘ನೀವು ಬೆಳಗ್ಗೆ ಎಲ್ಲಿ ತಿಂತೀರಿ?’ ಎಂದು ಕೇಳಿ, ಅದೂ ಬೆಳಗ್ಗೆ ಬೇಗ ಕೆಲಸಕ್ಕಿಳಿಯುವವರನ್ನು: ಹೂವು ಮಾರುವವರು, ಆಟೋದವರು, ಪೇಪರ್ ಹಾಕುವವರು. ಎರಡು ಪ್ರಶ್ನೆಗೆ ಎರಡು ಬೇರೆ ಉತ್ತರ ಬರುತ್ತದೆ.

ಪ್ರಶ್ನೆ: ವಿಜಯಪುರದಿಂದ ಬೆಂಗಳೂರಿಗೆ ಓದಾಕ ಬಂದೀನ್ರಿ. ಇಲ್ಲಿ ಜ್ವಾಳದ ರೊಟ್ಟಿ ಅಂತ ಕೊಡೂದು ರಬ್ಬರ್ ಇದ್ದಂಗ ಇರ್ತದ. ಚಲೋ ಖಾನಾವಳಿ ಹುಡುಕೂದು ಹ್ಯಾಂಗ?

ಉತ್ತರ: ರಬ್ಬರಿನಂತೆ ಎಳೆದರೆ ಬರುವುದು ಜೋಳದ ಗುಣವಲ್ಲ. ಗೋಧಿ ಹಿಟ್ಟೋ ಮೈದಾವೋ ಬೆರೆತಿದೆ. ಹೀಗೆ ಬೆರೆಸುವುದಕ್ಕೆ ಕಾರಣವೂ ಇದೆ. ಜೋಳದ ಹಿಟ್ಟು ಬೀಸಿ ದಿನ ಕಳೆದಂತೆ ಜಿಗಿ ಕಳೆದುಕೊಳ್ಳುತ್ತದೆ, ಬಡಿಯುವಾಗ ಅಂಚು ಸೀಳುತ್ತದೆ, ರುಚಿಯೂ ಕಹಿಗೆ ತಿರುಗುತ್ತದೆ. ವಾರಗಟ್ಟಲೆ ಹಳೆಯ ಪ್ಯಾಕೆಟ್ ಹಿಟ್ಟು ತರುವವರು ಜಿಗಿಗಾಗಿ ಬೇರೆ ಹಿಟ್ಟು ಸೇರಿಸುತ್ತಾರೆ. ಆದ್ದರಿಂದ ಗಲ್ಲಾದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ರೊಟ್ಟಿಯದ್ದಲ್ಲ, ಹಿಟ್ಟಿನದು: ಎಲ್ಲಿ ಬೀಸಿಸುತ್ತೀರಿ, ಎಷ್ಟು ದಿನಕ್ಕೊಮ್ಮೆ? ‘ಊರಿಂದ ಮಾಲದಂಡಿ ಜೋಳ ತರಿಸಿ ಇಲ್ಲೇ ಬೀಸಸ್ತೀವಿ’ ಎಂದರೆ ಕೂತುಕೊಳ್ಳಿ.

ಎರಡನೆಯದು ಕಿವಿಯ ಕೆಲಸ. ಒಳಗಿಂದ ರೊಟ್ಟಿ ಬಡಿಯುವ ಸದ್ದು ಕೇಳಬೇಕು. ಸದ್ದಿಲ್ಲದಿದ್ದರೆ ಲಟ್ಟಿಸುತ್ತಿದ್ದಾರೆ, ಇಲ್ಲವೇ ಬೆಳಗ್ಗೆ ಮಾಡಿಟ್ಟದ್ದನ್ನು ಬಿಸಿಮಾಡುತ್ತಿದ್ದಾರೆ. ಕಡಕ್ ರೊಟ್ಟಿ ಮಾಡಿಟ್ಟದ್ದೇ ಇರಲಿ, ಅದು ಹಾಗೇ ಇರಬೇಕಾದದ್ದು. ಬಿಸಿರೊಟ್ಟಿ ಮಾತ್ರ ಹಂಚಿನಿಂದ ನೇರ ತಟ್ಟೆಗೆ ಬರಬೇಕು. ಎಣ್ಣೆಗಾಯಿಯಲ್ಲಿ ಟೊಮೆಟೊ, ಈರುಳ್ಳಿ ಗ್ರೇವಿ ಕಂಡು ಸಿಹಿ ಹತ್ತಿದರೆ ಅದು ಬೆಂಗಳೂರಿಗೆ ಹೊಂದಿಸಿಕೊಂಡ ಅಡುಗೆ. ಶೇಂಗಾ, ಎಳ್ಳು, ಒಣಕೊಬ್ಬರಿಯ ಪುಡಿ ಬದನೆಯ ಹೊಟ್ಟೆಯೊಳಗೆ ಇರಬೇಕು, ಎಣ್ಣೆ ಅಂಚಿನಲ್ಲಿ ಬಿಟ್ಟಿರಬೇಕು. ಕೇಳದೆಯೇ ಶೇಂಗಾ ಚಟ್ನಿ ಅಥವಾ ಗುರೆಳ್ಳು ಚಟ್ನಿ, ಹಸಿ ಮೆಂತ್ಯೆ, ಗಟ್ಟಿ ಮೊಸರು ತಟ್ಟೆಗೆ ಬಂದರೆ ಅಡುಗೆಯವರು ನಿಮ್ಮ ಕಡೆಯವರೇ.

ತಿಂಗಳ ಕಾರ್ಡ್ ಮಾಡಿಸುವ ಮುಂಚೆ ಒಂದು ವಾರ ದುಡ್ಡು ಕೊಟ್ಟು ತಿನ್ನಿ. ರೊಟ್ಟಿ ಎಷ್ಟು, ಹೆಚ್ಚಿಗೆ ಬೇಕಾದರೆ ಒಂದಕ್ಕೆ ಎಷ್ಟು, ಭಾನುವಾರ ರಾತ್ರಿ ಊಟ ಉಂಟೋ ಇಲ್ಲವೋ, ಊರಿಗೆ ಹೋದ ದಿನಗಳನ್ನು ಮುರಿದುಕೊಳ್ಳುತ್ತಾರೋ ಎಂದು ಕೇಳಿ ಬರೆಸಿಕೊಳ್ಳಿ. ಜಗಳವಾಗುವುದು ಹೆಚ್ಚಾಗಿ ಕೊನೆಯದರ ಮೇಲೆ.

ಪ್ರಶ್ನೆ: ಶಿವಮೊಗ್ಗದಿಂದ ಮಂಗಳೂರಿಗೆ ವರ್ಗವಾಗಿದೆ. ಮೀನೂಟದ ಹೋಟೆಲ್‌ಗಳಲ್ಲಿ ಮೀನು ತಾಜಾ ಇದೆಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಮೆನು ಕಾರ್ಡ್ ಮಡಚಿಟ್ಟು ‘ಇವತ್ತು ಯಾವ ಮೀನು ಬಂದಿದೆ?’ ಎಂದು ಕೇಳಿ. ‘ಎಲ್ಲ ಇದೆ’ ಎಂದರೆ ಫ್ರಿಜ್ಜಿನಲ್ಲಿದೆ ಎಂದು ತಿಳಿಯಿರಿ. ‘ಬಂಗುಡೆ ಇದೆ, ಕಾಣೆ ಮೀನು ಖಾಲಿ’ ಎಂಬ ಉತ್ತರ ಒಳ್ಳೆಯ ಲಕ್ಷಣ. ಶುರುವಿಗೆ ಬಂಗುಡೆ, ಬೂತಾಯಿಯಂಥ ಅಗ್ಗದ ಮೀನು ತಗೊಳ್ಳಿ; ಅವು ಅಂದಂದೇ ಖರ್ಚಾಗುತ್ತವೆ. ಅಂಜಲ್ ದುಬಾರಿ, ತುಂಡು ಮಾಡಿ ಐಸಿನಲ್ಲಿಟ್ಟರೆ ದಿನ ತಳ್ಳಬಹುದು, ಹಾಗಾಗಿ ಹೋಟೆಲ್ ಗೊತ್ತಾದ ಮೇಲೆ ಸಾಕು. ಕಾಣೆ, ಮಾಂಜಿಗೆ ಗಾತ್ರ ನೋಡಿ ದರ ಹೇಳುತ್ತಾರೆ. ಮಸಾಲೆ ಹಚ್ಚುವ ಮೊದಲೇ ಮೀನು ತೋರಿಸಿ ದರ ಹೇಳಲು ಕೇಳಿ, ಯಾರೂ ತಪ್ಪು ತಿಳಿಯುವುದಿಲ್ಲ.

ಬೆಂದ ತಾಜಾ ಮೀನು ಪದರಪದರವಾಗಿ ಬಿಡಿಸಿಕೊಳ್ಳುತ್ತದೆ. ಹಳತು ಹಿಟ್ಟಿನಂತೆ ಕಲಸಿಹೋಗುತ್ತದೆ. ಒಂದು ಎಚ್ಚರಿಕೆ: ಬಂಗುಡೆ, ಬೂತಾಯಿ ತಿನ್ನುವಾಗ ನಾಲಿಗೆ ಚುರುಗುಟ್ಟಿದರೆ, ಅದು ಮೆಣಸಿನ ಖಾರದಂತಿರದಿದ್ದರೆ, ಅಲ್ಲಿಗೇ ನಿಲ್ಲಿಸಿ. ಈ ಜಾತಿಯ ಮೀನನ್ನು ತಂಪಿನಲ್ಲಿಡದೆ ಬಿಟ್ಟರೆ ಹಿಸ್ಟಮಿನ್ ಎಂಬ ರಾಸಾಯನಿಕ ಹುಟ್ಟುತ್ತದೆ, ಎಷ್ಟು ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪೇರಿ, ತಲೆನೋವು, ಮೈಮೇಲೆ ದದ್ದು ಬರಬಹುದು. ಉಸಿರು ಕಟ್ಟಿದಂತಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ 61 ದಿನ ಸಿಗುವುದು ನಾಡದೋಣಿಯ ಮೀನು, ಹೊರಗಿನಿಂದ ಬಂದದ್ದು ಅಥವಾ ಐಸಿನದು. ನೀವು ಈ ತಿಂಗಳುಗಳಲ್ಲಿ ಹೋಗಿ ಇಳಿದಿದ್ದರೆ ಮೀನಿನ ಹೋಟೆಲ್‌ಗಳ ತೀರ್ಪು ಆಗಸ್ಟ್‌ವರೆಗೆ ಕಾಯಲಿ. ಅಲ್ಲಿಯವರೆಗೆ ಕೋರಿರೊಟ್ಟಿ, ಗೋಳಿಬಜೆ, ಬನ್ಸ್ ತಿನ್ನುತ್ತಿರಿ.

ಪ್ರಶ್ನೆ: ಸಣ್ಣ ಮಗು ಇದೆ. ರುಚಿಗಿಂತ ಶುಚಿ ಮುಖ್ಯ. ಹೊರಗಿನಿಂದ ನೋಡಿ ಏನು ತಿಳಿಯಬಹುದು?

ಉತ್ತರ: ಗೋಡೆಯ ಮೇಲೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಇರಬೇಕು, ಅದರ 14 ಅಂಕಿಯ ಸಂಖ್ಯೆ 2022ರಿಂದ ಬಿಲ್ಲಿನಲ್ಲೂ ಕಡ್ಡಾಯ. ಆದರೆ ಪರವಾನಗಿ ಕಾಗದವಷ್ಟೇ, ಕಣ್ಣಿಗೆ ಕೆಲಸ ಕೊಡಿ. ಇಡ್ಲಿ ತಟ್ಟೆ ಹೊರಬರುವಾಗ ನೋಡಿ: ಬಟ್ಟೆ ಇದೆಯೋ, ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೋ? ಬಿಸಿ ಹಬೆಯಲ್ಲಿ ಪ್ಲಾಸ್ಟಿಕ್ ಬಳಸಬಾರದೆಂದು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವೇ ಹೇಳಿದೆ. ಬೋಂಡದ ಎಣ್ಣೆ ಕಪ್ಪಗಾಗಿ, ನೊರೆ ಇಳಿಯದೆ ನಿಂತಿದ್ದರೆ ಕರಿದದ್ದು ಬೇಡ. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದು 2024ರ ಮಾರ್ಚ್‌ನಿಂದ ನಿಷಿದ್ಧ, ಬೆರಳಿಗೆ ಕೆಂಪು ಹತ್ತಿದರೆ ತಟ್ಟೆ ಅಲ್ಲೇ ಬಿಡಿ. ಮಗುವಿಗೆ ಹಸಿ ಈರುಳ್ಳಿ, ಹೆಚ್ಚಿಟ್ಟ ಹಣ್ಣು, ಬೆಳಗ್ಗೆ ಮಾಡಿಟ್ಟ ಚಟ್ನಿ ಬೇಡ. ಹಬೆಯಾಡುವ ಇಡ್ಲಿ, ಬಿಸಿ ಸಾರು ಅನ್ನ ಸಾಕು.

ಪ್ರಶ್ನೆ: ಬಿಲ್ಲಿನಲ್ಲಿ ಜಿಎಸ್‌ಟಿ ಜೊತೆ ಸರ್ವಿಸ್ ಚಾರ್ಜ್ ಅಂತಲೂ ಹಾಕುತ್ತಾರೆ. ಕೊಡಲೇಬೇಕೇ?

ಉತ್ತರ: ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಇದನ್ನು ಸ್ಪಷ್ಟಪಡಿಸಿದೆ, ತೆಗೆಸಿ. ಸಾಮಾನ್ಯ ಹೋಟೆಲ್ ಊಟಕ್ಕೆ ಜಿಎಸ್‌ಟಿ ಶೇ 5. ಬಿಲ್ಲಿನ ಮೇಲೆ ‘ಕಾಂಪೊಸಿಷನ್’ (ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿ) ಎಂದು ಅಚ್ಚಾಗಿದ್ದರೆ ಆ ಶೇ 5ನ್ನೂ ನಿಮ್ಮಿಂದ ವಸೂಲಿ ಮಾಡುವಂತಿಲ್ಲ.

ಪ್ರಶ್ನೆ: ಮಿಲಿಟರಿ ಹೋಟೆಲ್ ಎಂದರೆ ಏನು? ಉಡುಪಿ ಕಡೆಯವರು ನಾವು, ಮಾಂಸ ತಿನ್ನುತ್ತೇವೆ, ಆದರೆ ಮುದ್ದೆ ಗೊತ್ತಿಲ್ಲ.

ಉತ್ತರ: ಬೆಂಗಳೂರು, ಮೈಸೂರು ಕಡೆಯ ಹಳೆಯ ಮಾಂಸಾಹಾರಿ ಹೋಟೆಲ್‌ಗಳಿಗೆ ಆ ಹೆಸರು, ಬೆಂಗಳೂರಿನಲ್ಲಿ ಜಯನಗರದ ಶಿವಾಜಿ ಮಿಲಿಟರಿ ಹೋಟೆಲ್ ಹೆಚ್ಚು ಪರಿಚಿತ. ಸೀಟು ಅಪರಿಚಿತರ ಜೊತೆ ಹಂಚಿಕೊಳ್ಳಬೇಕಾಗಬಹುದು. ಮೊದಲ ಸಲಕ್ಕೆ ಒಂದು ಮುದ್ದೆ, ಮಟನ್ ಸಾರು, ಒಂದು ಪ್ಲೇಟ್ ಖೀಮಾ ಉಂಡೆ ಇಬ್ಬರಿಗೆ ಸಾಕು, ಮೇಲೆ ಅರ್ಧ ದೊನ್ನೆ ಬಿರಿಯಾನಿ. ಮುದ್ದೆಯನ್ನು ಅಗಿಯುವುದಿಲ್ಲ, ಚಿಕ್ಕ ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗುವುದು. ಅಗಿದರೆ ಹಲ್ಲಿಗೆ ಅಂಟಿ ‘ಇದೇನು ರುಚಿ’ ಎನ್ನಿಸುತ್ತದೆ. ಒಳ್ಳೆಯ ಮುದ್ದೆ ಮುರಿದಾಗ ಒಳಗೆ ಬಿಳಿ ಹಿಟ್ಟಿನ ಗಂಟು ಕಾಣಬಾರದು, ಬೆರಳಿಗೆ ಮೆತ್ತಬಾರದು. ಗಂಟಿದ್ದರೆ ಬದಲಾಯಿಸಿ ಕೊಡಲು ಕೇಳಿ, ಹೊಸ ಮುದ್ದೆ ತಂದು ಹಾಕುತ್ತಾರೆ. ಹನ್ನೆರಡೂವರೆಗೇ ಹೋಗಿ. ಎರಡು ಗಂಟೆಯ ಹೊತ್ತಿಗೆ ಬಿರಿಯಾನಿ ಉಳಿದಿರಬಹುದು, ಕಾಲು ಸೂಪ್ ಮಾತ್ರ ಉಳಿದಿರುತ್ತದೆ ಎಂದು ನಂಬಬೇಡಿ.