ಹನ್ನೊಂದರ ಹುಡುಗನಿಗೆ ಹದಿನೈದನೆಯ ಕಾರ್ಡ್

ಆಪ್ತ ಸಲಹೆಗೆಂದು ನನ್ನ ಬಳಿ ಬಂದು, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಆಕೆ ಕೈಚೀಲದಿಂದ, ಸ್ವಭಾವ, ಭವಿಷ್ಯ ಹೇಳಲು ಬಳಸುವ ಟ್ಯಾರೋ ಕಾರ್ಡೊಂದನ್ನು ತೆಗೆದು ಮೇಜಿನ ಮೇಲೆ ಬೋರಲಾಗಿ ಇಟ್ಟರು. “ಇದು ನನ್ನ ಮಗನದು, ಮೇಡಂ” ಎಂದರು. ತಿರುಗಿಸಿ ನೋಡಿದೆ. ಹದಿನೈದನೆಯ ಕಾರ್ಡ್, ಡೆವಿಲ್, ಅಂದರೆ ಸೈತಾನ. ಬಾಗಿದ ಕೊಂಬು, ಬಾವಲಿಯ ರೆಕ್ಕೆ, ಕೆಳಗೆ ಕೊರಳಿಗೆ ಸರಪಳಿ ಬಿಗಿಸಿಕೊಂಡು ನಿಂತ ಇಬ್ಬರು. ಮಗನಿಗೆ ಹನ್ನೊಂದು ವರ್ಷ.

ಆಕೆಯನ್ನು ಸುಮಾ ಎಂದೂ ಹುಡುಗನನ್ನು ನಿಖಿಲ್ ಎಂದೂ ಕರೆಯುತ್ತೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ತಾನು ಆಡುವ ಗೇಮಿನ ಹೆಸರು ಹಾಕಬಾರದು ಎಂಬುದೊಂದೇ ಹುಡುಗನ ಷರತ್ತು. ಮುಂದೆ ಬರುವ ಹುಟ್ಟಿದ ದಿನಾಂಕ ನಿಜವಾದದ್ದಲ್ಲ. ಆದರೆ ಕೂಡಿಸಿದರೆ ಅದೇ ಮೊತ್ತ ಬರುವಂಥ ದಿನಾಂಕವನ್ನೇ ಹುಡುಕಿ ಹಾಕಿದ್ದೇನೆ, ಏಕೆಂದರೆ ಈ ಪ್ರಕರಣದಲ್ಲಿ ಲೆಕ್ಕಕ್ಕೂ ಒಂದು ಪಾತ್ರವಿದೆ.

ಸುಮಾ ಒಂದು ವರ್ಷದಿಂದ ಆನ್‌ಲೈನ್ ತರಗತಿಯಲ್ಲಿ ಟ್ಯಾರೋ ಕಲಿಯುತ್ತಿದ್ದರು. ಮನೆಮಂದಿಯೆಲ್ಲರ ಜನ್ಮ ಕಾರ್ಡ್, ಅಂದರೆ ಹುಟ್ಟಿದ ದಿನಾಂಕದಿಂದ ತೆಗೆಯುವ ಕಾರ್ಡ್, ಲೆಕ್ಕ ಹಾಕಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಮಗನದು ಡೆವಿಲ್ ಎಂದು ಬಂದಾಗ ನಕ್ಕು ಸುಮ್ಮನಾಗಿದ್ದರಂತೆ. ನಾಲ್ಕು ತಿಂಗಳ ನಂತರ ತಮ್ಮ ಖಾತೆಯಿಂದ ಹಣ ಸ್ವಲ್ಪ ಸ್ವಲ್ಪವಾಗಿ ಸೋರಿಹೋಗಿದ್ದು ಗೊತ್ತಾಯಿತು. ಅಮ್ಮನ ಮೊಬೈಲಿನಿಂದ ನಿಖಿಲ್ ಗೇಮಿನೊಳಗಿನ ಆಯುಧ, ವೇಷಗಳನ್ನು ಕೊಳ್ಳುತ್ತಿದ್ದ. ಕೇಳಿದರೆ ಮೂರು ಸಲವೂ ಮುಖ ನೋಡಿಯೇ ಸುಳ್ಳು ಹೇಳಿದ. ಅಂದು ರಾತ್ರಿ ಸುಮಾ ನೋಟ್‌ಬುಕ್ ತೆರೆದರು. ಡೆವಿಲ್ ಹೆಸರಿನ ಕೆಳಗೆ ಅವರದೇ ಅಕ್ಷರದಲ್ಲಿ ಇತ್ತು: ಚಟ, ಮೋಹ, ಬಂಧನ, ಕಪಟ.

ಅಲ್ಲಿಂದಾಚೆಗೆ ಹುಡುಗ ಏನು ಮಾಡಿದರೂ ನೋಟ್‌ಬುಕ್ಕಿಗೆ ತಾಳೆಯಾಗತೊಡಗಿತು. ಬಾಗಿಲು ಹಾಕಿಕೊಂಡರೆ ಕಪಟ, ಇನ್ನೊಂದು ಪಂದ್ಯ ಆಡುತ್ತೇನೆಂದರೆ ಚಟ, ಅಮ್ಮನನ್ನು ಅಪ್ಪಿಕೊಂಡರೆ ಅದೂ ಪುಸಲಾಯಿಸುವ ಕಲೆ. ಒಮ್ಮೆ ತಂಗಿಯೊಡನೆ ಫೋನಿನಲ್ಲಿ ಮಾತನಾಡುತ್ತ “ಇವನ ಕಾರ್ಡೇ ಅಂಥದ್ದು, ನಾನೇನು ಮಾಡಲಿ” ಎಂದು ಆಕೆ ಹೇಳಿದ್ದು ಹುಡುಗನ ಕಿವಿಗೆ ಬಿದ್ದಿತ್ತು. ಈ ಮಾತನ್ನು ಸುಮಾ ನನ್ನ ಬಳಿ ಹೇಳಿದ್ದು ಮೂರನೆಯ ಭೇಟಿಯಲ್ಲಿ, ಅದೂ ಹೊರಡುವಾಗ, ಬಾಗಿಲ ಬಳಿ ನಿಂತು. ಮುಖ್ಯವಾದ ಮಾತುಗಳು ಬಾಗಿಲ ಬಳಿಯೇ ಬರುತ್ತವೆ ಎಂಬುದು ನಮ್ಮ ವೃತ್ತಿಯಲ್ಲಿ ಎಲ್ಲರ ಅನುಭವ.

ಜನ್ಮ ಕಾರ್ಡ್ ತೆಗೆಯುವ ಕ್ರಮ ಗೊತ್ತಿಲ್ಲದವರಿಗಾಗಿ: ಹುಟ್ಟಿದ ದಿನ, ತಿಂಗಳು, ಇಸವಿ ಮೂರನ್ನೂ ಕೂಡಿಸುತ್ತಾರೆ. ಬಂದ ಮೊತ್ತದ ಅಂಕಿಗಳನ್ನು ಮತ್ತೆ ಕೂಡಿಸಿ 22 ಅಥವಾ ಅದಕ್ಕಿಂತ ಕೆಳಗೆ ತರುತ್ತಾರೆ. ಟ್ಯಾರೋ ಕಟ್ಟಿನ 78 ಎಲೆಗಳಲ್ಲಿ ಮೇಜರ್ ಅರ್ಕಾನಾ ಎಂಬ ಚಿತ್ರಗಳು 22. ನಿಮ್ಮ ಸಂಖ್ಯೆಯ ಚಿತ್ರ ನಿಮ್ಮ ವ್ಯಕ್ತಿತ್ವದ ಕಾರ್ಡ್. ಆ ಎರಡಂಕಿಯನ್ನೂ ಕೂಡಿಸಿದರೆ ಸಿಗುವುದು ಆತ್ಮದ ಕಾರ್ಡ್. 28, 7 ಮತ್ತು 2014ನ್ನು ಕೂಡಿಸಿದರೆ 2049. ಅದರ ಅಂಕಿಗಳ ಮೊತ್ತ 15, ಅದೇ ಡೆವಿಲ್. ಒಂದು ಮತ್ತು ಐದು ಸೇರಿ ಆರು, ಅದು ಲವರ್ಸ್. ಪದ್ಧತಿಯನ್ನು ಚೆನ್ನಾಗಿ ಬಲ್ಲವರು ಈ ಜೋಡಿಯನ್ನು ಶಾಪವೆಂದು ಓದುವುದಿಲ್ಲ. ಆಸೆಗೂ ಆಯ್ಕೆಗೂ ನಡುವಿನ ಎಳೆದಾಟ, ಯಾವುದಕ್ಕೆ ಅಂಟಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಕಲಿಕೆ ಎಂದು ಓದುತ್ತಾರೆ. ಸುಮಾ ಅವರ ನೋಟ್‌ಬುಕ್ಕಿನಲ್ಲಿ ಲವರ್ಸ್ ಪುಟ ಖಾಲಿ ಇತ್ತು.

ಟ್ಯಾರೋ ಸುಳ್ಳು ಎಂದು ವಾದಕ್ಕೆ ಇಳಿಯುವ ಸಲಹೆಗಾರಳು ನಾನಲ್ಲ. ಹಾಗೆ ಇಳಿದರೆ ಸಲಹೆಗೆ ಬಂದವರು ಕಾರ್ಡನ್ನು ಕಾಪಾಡಲು ನಿಲ್ಲುತ್ತಾರೆ, ಮಗ ಪಕ್ಕಕ್ಕೆ ಸರಿಯುತ್ತಾನೆ. ಆದರೆ ಲೆಕ್ಕವನ್ನು ಜೊತೆಯಲ್ಲಿ ಕುಳಿತು ಮಾಡಿ ನೋಡಬಹುದಲ್ಲ. ಕಾಗದ ತೆಗೆದುಕೊಂಡು, ಕೆಲವರು ಮಾಡುವಂತೆ ಪ್ರತಿ ಅಂಕಿಯನ್ನೂ ಬಿಡಿಬಿಡಿಯಾಗಿ ಕೂಡಿಸಲು ಹೇಳಿದೆ. 2, 8, 7, 2, 0, 1, 4. ಮೊತ್ತ 24. ಅದು 22ನ್ನು ದಾಟಿದ್ದರಿಂದ ಮತ್ತೆ ಕೂಡಿಸಬೇಕು, ನೇರವಾಗಿ 6. ಡೆವಿಲ್ ನಡುವೆ ಬರಲೇ ಇಲ್ಲ. ಎರಡೂ ದಾರಿಯಲ್ಲಿ ಕೊನೆಯ ಒಂದಂಕಿ ಒಂದೇ ಆಗಿರುತ್ತದೆ, ಅದು ಗಣಿತದ ನಿಯಮ. ನಡುವೆ ಸಿಗುವ ಎರಡಂಕಿ ಮಾತ್ರ ಕೂಡಿಸುವವರ ಕೈಯಲ್ಲಿದೆ. ಆಕೆ ಕಾಗದವನ್ನೇ ನೋಡುತ್ತ ಕುಳಿತರು.

“ಈ ದಿನಾಂಕ ಹೇಗೆ ಬಂತು?” ಎಂದು ಕೇಳಿದೆ. ಸಹಜ ಹೆರಿಗೆಯೋ ಎಂದು ತಿಳಿಯುವುದಷ್ಟೇ ನನ್ನ ಉದ್ದೇಶವಾಗಿತ್ತು. ಸಿಸೇರಿಯನ್. ಇಪ್ಪತ್ತೆಂಟೋ ಇಪ್ಪತ್ತೊಂಬತ್ತೋ ಎಂದು ವೈದ್ಯರು ಕೇಳಿದ್ದರಂತೆ. ಗಂಡನಿಗೆ ಇಪ್ಪತ್ತೊಂಬತ್ತರಂದು ಕೆಲಸವಿತ್ತು, ಅದಕ್ಕೆ ಇಪ್ಪತ್ತೆಂಟು ಆಯಿತು. ನಾನು ಏನೂ ಹೇಳಲಿಲ್ಲ. ಆಕೆಯೇ ಪೆನ್ನು ತೆಗೆದುಕೊಂಡು 29ರ ಲೆಕ್ಕ ಮಾಡಿದರು. 2050, ಅಂದರೆ 7. ಚಾರಿಯಟ್, ಗೆಲುವಿನ ರಥ. ಒಂದು ನಿಮಿಷ ಬಿಟ್ಟು ಜೋರಾಗಿ ನಕ್ಕರು. ನಮ್ಮ ಭೇಟಿಗಳಲ್ಲಿ ಅದು ಅವರ ಮೊದಲ ನಗು.

ನಗುವಿನ ಜೊತೆಗೆ ಭಯ ಹೋಗಿಬಿಡುತ್ತದೆ ಎಂದು ತಿಳಿದದ್ದು ನನ್ನ ತಪ್ಪು. ಮುಂದಿನ ವಾರ ಒಂದು ಜಾಣತನ ಮಾಡಲು ಹೋದೆ. ಟೆಂಪರೆನ್ಸ್, ಅಂದರೆ ಸಂಯಮ ಎಂಬ ಬೇರೊಂದು ಕಾರ್ಡಿನ ವ್ಯಕ್ತಿತ್ವ ವಿವರಣೆಯನ್ನು ಹೆಸರು ತೆಗೆದು ಓದಿ, “ಇದು ನಿಖಿಲ್‌ಗೆ ಎಷ್ಟು ಹೊಂದುತ್ತದೆ?” ಎಂದು ಕೇಳಿದೆ. “ಅಚ್ಚು ಅವನೇ” ಎಂದರು. ಆಗ ಗುಟ್ಟು ಬಿಟ್ಟುಕೊಟ್ಟು, 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗವನ್ನು ವಿವರಿಸಿದೆ. ಪ್ರತಿಯೊಬ್ಬರಿಗೂ ‘ಇದು ನಿನ್ನ ಪರೀಕ್ಷೆಯ ಫಲ’ ಎಂದು ಆತ ಕೊಟ್ಟದ್ದು ಒಂದೇ ಬರಹ. ಎಷ್ಟು ನಿಖರವಾಗಿದೆ ಎಂಬುದಕ್ಕೆ ಅವರು ಕೊಟ್ಟ ಅಂಕ 5ಕ್ಕೆ ಸರಾಸರಿ 4.26. ಪಾಠವೇನೋ ಚೆನ್ನಾಗಿತ್ತು. ಸುಮಾ ಅವರ ಮುಖ ಕೆಂಪಾಯಿತು. “ನನ್ನನ್ನು ಪೆದ್ದಿ ಎಂದು ತೋರಿಸಲು ಇಷ್ಟೆಲ್ಲ ಬೇಕಿತ್ತಾ?” ಎಂದರು. ಬೇಕಿರಲಿಲ್ಲ. ಕ್ಷಮೆ ಕೇಳಿದೆ. ಕಿರಿಯ ಸಹೋದ್ಯೋಗಿಗಳು ಈ ಬರಹ ಓದುತ್ತಿದ್ದರೆ ಇಲ್ಲಿ ಒಂದು ಗೆರೆ ಎಳೆದುಕೊಳ್ಳಲಿ. ಫೋರರ್ ಹೇಳಿದ್ದು ಸರಿ, ನಾನು ಹೇಳಿದ ಹೊತ್ತು ಸರಿಯಿರಲಿಲ್ಲ.

ಆ ಸಿಟ್ಟು ಇಳಿಯುವ ದಾರಿಯಲ್ಲೇ ನಿಜವಾದ ಮಾತು ಬಂತು. ಸುಮಾ ಅವರಿಗೆ ಒಬ್ಬ ಅಣ್ಣ ಇದ್ದರು. ಕುಡಿತಕ್ಕೆ ಬಿದ್ದು, ಮನೆಯಲ್ಲಿ ಕದ್ದು, ಮುಖ ನೋಡಿಯೇ ಸುಳ್ಳು ಹೇಳಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ನಿಖಿಲ್ ಸುಳ್ಳು ಹೇಳುವಾಗ ಹುಬ್ಬು ಸ್ವಲ್ಪ ಮೇಲೇರುತ್ತದಂತೆ, ಅಣ್ಣನಿಗೂ ಹಾಗೇ. ನೋಟ್‌ಬುಕ್ಕಿನ ನಾಲ್ಕು ಪದಗಳನ್ನು ಆಕೆ ಯಾವ ಕಾರ್ಡಿನಿಂದಲೂ ಕಲಿತದ್ದಲ್ಲ. ಇಪ್ಪತ್ತು ವರ್ಷ ಅವುಗಳೊಂದಿಗೇ ಬದುಕಿದ್ದರು. ಹದಿನೈದನೆಯ ಕಾರ್ಡ್ ಆ ಭಯಕ್ಕೆ ಒಂದು ಚಿತ್ರ ಕೊಟ್ಟಿತು, ಅಷ್ಟೇ. ಇದು ತಿಳಿದ ಮೇಲೆ ಕಾರ್ಡಿನ ಬಗ್ಗೆ ನನಗಿದ್ದ ಅಸಹನೆ ಕಡಿಮೆಯಾಯಿತು. ಅಣ್ಣನ ಬಗ್ಗೆ ಯಾರೊಡನೆಯೂ ಆಡಲಾಗದ ಮಾತನ್ನು ಆಕೆ ಕಾರ್ಡಿನ ಮೂಲಕ ಆಡುತ್ತಿದ್ದರು.

ನಿಖಿಲ್ ಬಂದದ್ದು ಐದನೆಯ ಭೇಟಿಗೆ. ಕಾಲು ಅಲ್ಲಾಡಿಸುತ್ತ ಕುಳಿತು, ಮೊದಲ ಹತ್ತು ನಿಮಿಷ ಗೇಮಿನ ನಕ್ಷೆಗಳ ಬಗ್ಗೆ ನನಗೆ ಪಾಠ ಮಾಡಿದ. ನಂತರ ತಾನಾಗಿ, “ಆ ಕಾರ್ಡ್ ನಿಮ್ಮ ಹತ್ತಿರ ಇದೆಯಾ?” ಎಂದು ಕೇಳಿದ. ಅಮ್ಮನ ನೋಟ್‌ಬುಕ್ಕಿನಲ್ಲಿ ಆಗಲೇ ನೋಡಿದ್ದನಂತೆ. ಕೊಟ್ಟೆ. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಪಮೇಲಾ ಕೋಲ್ಮನ್ ಸ್ಮಿತ್ ಬಿಡಿಸಿದ ಕಟ್ಟು ಅದು. ಇಂದು ಹೆಚ್ಚು ಬಳಕೆಯಲ್ಲಿರುವುದು ಅವೇ ಚಿತ್ರಗಳು. ಹುಡುಗ ಅದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

“ಇವರಿಗೂ ಬಾಲ ಇದೆ” ಎಂದ. ಇದೆ. ಹೆಂಗಸಿನ ಬಾಲದ ತುದಿಯಲ್ಲಿ ದ್ರಾಕ್ಷಿ ಗೊಂಚಲು, ಗಂಡಸಿನ ಬಾಲದ ತುದಿಯಲ್ಲಿ ಬೆಂಕಿ.

“ದೊಡ್ಡವನು ಪಂಜನ್ನು ಕೆಳಗೆ ಮಾಡಿ ಹಿಡಿದಿದ್ದಾನೆ ನೋಡಿ. ಅದು ತಾಗಿಯೇ ಇವನ ಬಾಲಕ್ಕೆ ಬೆಂಕಿ ಹತ್ತಿದ್ದು.” ಸ್ವಲ್ಪ ತಡೆದು, “ದುಡ್ಡು ನಾನೇ ತೆಗೆದದ್ದು. ಆದರೆ ಈಗ ತೆಗೆಯುತ್ತಿಲ್ಲ. ಅದನ್ನು ಹೇಳಿದರೂ ಅಮ್ಮ ನಂಬುವುದಿಲ್ಲ. ಕಾರ್ಡ್ ಹೇಗೂ ಅದೇ ಇರುತ್ತದಲ್ಲ” ಎಂದ.

ಆ ಚಿತ್ರದ ಬಗ್ಗೆ ಬಹಳ ಜನ ಮಾತನಾಡುವುದು ಕೊರಳ ಸರಪಳಿ ಸಡಿಲವಾಗಿದೆ, ಬೇಕೆಂದರೆ ತೆಗೆದುಹಾಕಬಹುದು ಎಂಬುದರ ಬಗ್ಗೆ. ಪಂಜಿನ ಸಂಗತಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಅದಕ್ಕೆ ಅರ್ಥ ಕಟ್ಟಲಿಲ್ಲ. “ಇದನ್ನು ಅಮ್ಮನಿಗೆ ಹೇಳಬಹುದೇ?” ಎಂದು ಮಾತ್ರ ಕೇಳಿದೆ. “ಪಂಜಿನದು ಹೇಳಿ. ನಂಬುವುದಿಲ್ಲ ಎಂದದ್ದು ಬೇಡ” ಎಂದ. ಪಂಜಿನದು ಹೇಳಿದೆ. ಇನ್ನೊಂದನ್ನು ಎರಡು ವಾರದ ನಂತರ ಅವನೇ ಹೇಳಿದ. ಹಾಗಾಗಿಯೇ ಇಲ್ಲಿ ಬರೆಯಲು ಸಾಧ್ಯವಾಯಿತು.

ಸುಮಾ ಅವರಿಗೆ ನಾನು ಕೊಟ್ಟ ಸಲಹೆಗಳಲ್ಲಿ ಮೊದಲನೆಯದೇ ಕಷ್ಟದ್ದು: ಹುಡುಗನ ಎದುರಿಗೆ ಕುಳಿತು, ನೇರ ಮಾತಿನಲ್ಲಿ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. “ನಿನ್ನ ಕಾರ್ಡ್ ಅಂಥದ್ದು ಎಂದು ನಾನು ಹೇಳಿದ್ದು ತಪ್ಪು. ನನಗೆ ಭಯವಾಗಿತ್ತು” ಎಂದಷ್ಟೇ. ‘ಆದರೆ ನೀನೂ’ ಎಂದು ಮುಂದುವರಿಸುವಂತಿಲ್ಲ. ಈ ಒಂದು ವಾಕ್ಯವನ್ನು ನನ್ನ ಕೋಣೆಯಲ್ಲಿ ಆರೇಳು ಸಲ ಹೇಳಿ ಅಭ್ಯಾಸ ಮಾಡಿದರು. ಪ್ರತಿ ಸಲವೂ ಕೊನೆಯಲ್ಲಿ ‘ಆದರೆ’ ಇಣುಕುತ್ತಿತ್ತು.

ಸುಳ್ಳು ಹೇಳಿದರೆ ‘ಇದು ಸುಳ್ಳು’ ಎನ್ನಬೇಕು, ‘ನೀನು ಸುಳ್ಳುಗಾರ’ ಎನ್ನಬಾರದು. ಇದನ್ನು ಎಲ್ಲ ಪೋಷಕರಿಗೂ ಹೇಳುತ್ತೇವೆ, ಬೇಸರ ಬರುವಷ್ಟು ಹೇಳಿದ್ದೇವೆ. ಆದರೂ ಜನ್ಮ ಕಾರ್ಡ್ ವಿಷಯದಲ್ಲಿ ಇದಕ್ಕೆ ಬೇರೆಯೇ ತೂಕವಿದೆ. ವಯಸ್ಕರೊಬ್ಬರು ತಮ್ಮ ಕಾರ್ಡನ್ನು ತಾವೇ ತೆಗೆದುಕೊಂಡರೆ ಒಗ್ಗದ್ದನ್ನು ಬಿಡಬಹುದು, ಒಗ್ಗಿದ್ದನ್ನು ಬೆಳೆಸಬಹುದು. ಹನ್ನೊಂದರ ಹುಡುಗನಿಗೆ ಆ ಸ್ವಾತಂತ್ರ್ಯವಿಲ್ಲ, ಅಮ್ಮ ಹೇಳಿದ್ದೇ ಅವನ ಪಾಲಿಗೆ ತಾನು. ಆದ್ದರಿಂದ ಮಕ್ಕಳಿಗೆ ಜನ್ಮ ಕಾರ್ಡ್ ನೋಡಲೇಬೇಡಿ, ನೋಡಿದರೂ ಬಾಯಿಬಿಡಬೇಡಿ ಎಂದೆ. ಸೂರ್ಯನ ಕಾರ್ಡ್ ಬಂದರೂ ಅಷ್ಟೇ. ಸದಾ ಬೆಳಗುತ್ತಿರಬೇಕಾದ ಮಗುವಿನ ಪಾಡು ಇನ್ನೊಂದು ಬಗೆಯದು.

ಹಣದ ವಿಷಯ ಬಹುಬೇಗ ಮುಗಿಯಿತು. ಖರೀದಿಗೆ ಪಾಸ್‌ವರ್ಡ್, ಆಟಕ್ಕೆ ಇಬ್ಬರೂ ಕುಳಿತು ಬರೆದ ಸಮಯ, ಹೋದ ಹಣದಲ್ಲಿ ಒಂದು ಪಾಲನ್ನು ಮನೆಗೆಲಸದಿಂದ ತೀರಿಸುವುದು. ನಿಖಿಲ್ ತನ್ನ ಪಾಲನ್ನು ನಾವು ಹೇಳಿದ್ದಕ್ಕಿಂತ ಹೆಚ್ಚಿಗೇ ಬರೆದುಕೊಂಡ.

ಅಣ್ಣನಿಗಾಗಿ ಇನ್ನೂ ನಾಲ್ಕು ಭೇಟಿ ಬೇಕಾದವು. ಅವು ಇಲ್ಲಿಗೆ ಬೇಡ. ಟ್ಯಾರೋ ಬಿಡಬೇಕೇ ಎಂದು ಸುಮಾ ಕೇಳಿದಾಗ ಬೇಡವೆಂದೆ. ಹದಿನೈದನೆಯ ಶತಮಾನದಲ್ಲಿ ಉತ್ತರ ಇಟಲಿಯ ಜನ ಇಸ್ಪೀಟಿನಂತೆ ಆಡುತ್ತಿದ್ದ ಎಲೆಗಳಿವು. 1781ರಲ್ಲಿ ಕೂರ್ ದ ಜೆಬೆಲಿನ್ ಎಂಬ ಫ್ರೆಂಚ್ ವಿದ್ವಾಂಸ ಇವು ಪ್ರಾಚೀನ ಈಜಿಪ್ಟಿನ ಜ್ಞಾನವೆಂದು ಆಧಾರವಿಲ್ಲದೆ ಬರೆದ. ಈಗಿನ ಜನ್ಮ ಕಾರ್ಡ್ ಪದ್ಧತಿಯನ್ನು ಏಂಜೆಲಿಸ್ ಏರಿಯನ್, ಮೇರಿ ಗ್ರೀರ್ ಮುಂತಾದವರು ಜನಪ್ರಿಯಗೊಳಿಸಿದ್ದು 1980ರ ದಶಕದಲ್ಲಿ, ಅಂದರೆ ಅದು ಹೆಚ್ಚುಕಡಿಮೆ ಸುಮಾ ಅವರ ವಯಸ್ಸಿನದು. ಇದನ್ನು ಕೇಳಿ ಅವರಿಗೆ ನಿರಾಸೆಯಾದದ್ದಕ್ಕಿಂತ ಸಲಿಗೆ ಬಂದದ್ದೇ ಹೆಚ್ಚು.

ಅವರದೇ ಕಾರ್ಡ್ 11. ಅವರ ಕಟ್ಟಿನಲ್ಲಿ ಅದು ಜಸ್ಟಿಸ್, ಕೈಯಲ್ಲಿ ಕತ್ತಿ ಮತ್ತು ತಕ್ಕಡಿ. “ನಾನು ನ್ಯಾಯದವಳು” ಎಂದು ಆಗಾಗ ಹೇಳುತ್ತಿದ್ದರು. ಹಳೆಯ ಫ್ರೆಂಚ್ ಕಟ್ಟುಗಳಲ್ಲಿ ಹನ್ನೊಂದನೆಯದು ಜಸ್ಟಿಸ್ ಅಲ್ಲ, ಸ್ಟ್ರೆಂತ್. ಒಬ್ಬ ಹೆಂಗಸು ಬರಿಗೈಯಲ್ಲಿ ಸಿಂಹದ ಬಾಯಿ ಹಿಡಿದಿರುವ ಚಿತ್ರ. 1909ರ ಕಟ್ಟಿನವರು 8 ಮತ್ತು 11ನ್ನು ಅದಲುಬದಲು ಮಾಡಿದರು. ಈ ಸಂಗತಿಯನ್ನು ನಾನು ನಾಚಿಕೆಯಿಲ್ಲದೆ ಬಳಸಿಕೊಂಡೆ. ಎರಡೂ ಚಿತ್ರಗಳನ್ನು ಮುಂದಿಟ್ಟು, “ಮುಂದಿನ ಸಲ ನಿಖಿಲ್ ಸುಳ್ಳು ಹೇಳಿದಾಗ ಇವರಿಬ್ಬರಲ್ಲಿ ಯಾರಾಗಿ ಕೋಣೆಯೊಳಗೆ ಹೋಗುತ್ತೀರಿ?” ಎಂದು ಕೇಳಿದೆ. ಅವರು ಉತ್ತರಿಸಲಿಲ್ಲ. ಎರಡು ಚಿತ್ರಗಳ ಫೋಟೊ ತೆಗೆದುಕೊಂಡರು.

ಮುಂದಿನ ಸಲ ಎಂಬುದು ಬಂದೇ ಬಂತು, ಶಾಲೆಯ ಯಾವುದೋ ಪ್ರಾಜೆಕ್ಟ್ ವಿಷಯಕ್ಕೆ. ಸುಮಾ ಮೊದಲು ಕೂಗಾಡಿದರು, ಆಮೇಲೆ ಹೊರಗೆ ಹೋಗಿ ನೀರು ಕುಡಿದು, ಮರಳಿ ಬಂದು ಹುಡುಗನ ಪಕ್ಕ ಕುಳಿತರಂತೆ. ಎರಡೂ ಕಾರ್ಡ್ ಆಯಿತು ಎಂದು ಅವರೇ ಹೇಳಿಕೊಂಡರು.

ಕೊನೆಯ ಭೇಟಿ ಮುಗಿಸಿ ಎದ್ದವರು ಮತ್ತೆ ಬಾಗಿಲ ಬಳಿ ನಿಂತರು. “ಒಂದು ತಪ್ಪು ಮಾಡಿದೆ, ಮೇಡಂ. ಮುಂದಿನ ವರ್ಷಕ್ಕೆ ಅವನ ವರ್ಷದ ಕಾರ್ಡ್ ಯಾವುದು ಎಂದು ಕೂಡಿಸಿ ನೋಡಿಬಿಟ್ಟೆ. ಅವನಿಗೆ ಹೇಳಿಲ್ಲ. ನಿಮಗೂ ಹೇಳುವುದಿಲ್ಲ.”

ಒಳ್ಳೆಯದು ಎಂದೆ. ಅವರು ಹೋದ ಮೇಲೆ ಕಾಗದ ಎಳೆದುಕೊಂಡು ನಾನೂ ಕೂಡಿಸಿದೆ.