ಫ್ರೀಜರ್‌ನ ಮೀನು, ತರಕಾರಿಯಿಂದ ರಾತ್ರಿ ಊಟ: ನೀರು ಬಿಡದಂತೆ ಮಾಡುವುದು ಹೇಗೆ?

ಫ್ರೀಜರ್‌ನಲ್ಲಿರುವ ಮೀನಿನ ಫಿಲೆಟ್ ಮತ್ತು ತರಕಾರಿಯಲ್ಲಿ ನಾಲ್ಕು ಜನರಿಗೆ ಬೇಗ ಆಗುವ ಊಟ ಬೇಕು, ಆದರೆ ಪ್ರತಿ ಸಲವೂ ಮೀನು ಪುಡಿಪುಡಿ, ತರಕಾರಿ ಮೆತ್ತಗೆ, ಪಾತ್ರೆ ತುಂಬ ನೀರು ಎಂದು ಕೇಳಿದ್ದೀರಿ. ಮೂರಕ್ಕೂ ಮೂಲ ಒಂದೇ. ಹೆಪ್ಪುಗಟ್ಟುವಾಗ ಒಳಗಿನ ನೀರು ಹರಳುಗಟ್ಟಿ ಜೀವಕೋಶಗಳನ್ನು ಒಡೆಯುತ್ತದೆ. ಬಿಸಿ ತಾಗಿದೊಡನೆ ಆ ನೀರೆಲ್ಲ ಹೊರಗೆ ಬರುತ್ತದೆ. ಆದ್ದರಿಂದ ಒಂದೋ ಜೋರು ಬಿಸಿಯಲ್ಲಿ ಅದನ್ನು ಆವಿ ಮಾಡಿಬಿಡಬೇಕು, ಇಲ್ಲವೇ ಅದೇ ನೀರು ಗ್ರೇವಿಗೆ ಸೇರುವಂತೆ ಅಡುಗೆ ಮಾಡಬೇಕು. ಎಲ್ಲವನ್ನೂ ಒಟ್ಟಿಗೆ ಸಣ್ಣ ಬಾಣಲೆಗೆ ಸುರಿದರೆ ಎರಡೂ ಆಗುವುದಿಲ್ಲ.

ಓವನ್ ಇದ್ದರೆ ನನ್ನ ಮೊದಲ ಆಯ್ಕೆ ಅದೇ. ನಾಲ್ವರಿಗೆ 500 ಗ್ರಾಂ ಮೀನು, 500ರಿಂದ 600 ಗ್ರಾಂ ತರಕಾರಿ ಸಾಕು. ಓವನ್ ಅನ್ನು 220 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವಾಗ ಖಾಲಿ ಟ್ರೇಯನ್ನೂ ಒಳಗೇ ಇಡಿ. ಹೂಕೋಸು, ಬ್ರೊಕೊಲಿ, ಬೀನ್ಸ್, ಕ್ಯಾರೆಟ್ ಯಾವುದಾದರೂ ಸರಿ, ಕರಗಿಸದೆ ಎರಡು ದೊಡ್ಡ ಚಮಚ ಎಣ್ಣೆಯಲ್ಲಿ ಹೊರಳಿಸಿ ಕಾದ ಟ್ರೇ ಮೇಲೆ ಒಂದೇ ಪದರವಾಗಿ ಹರಡಿ. ಒಂದರ ಮೇಲೊಂದು ಬಿದ್ದರೆ ಹುರಿಯುವ ಬದಲು ಹಬೆಯಲ್ಲಿ ಬೇಯುತ್ತವೆ; ಜಾಗ ಸಾಲದಿದ್ದರೆ ಎರಡು ಟ್ರೇ ಮಾಡಿ. ಉಪ್ಪು ಈಗ ಬೇಡ, ಅದು ಇನ್ನಷ್ಟು ನೀರು ಎಳೆಯುತ್ತದೆ. 15 ನಿಮಿಷ ಕಳೆದು ಅಂಚು ಕಂದಾಗತೊಡಗಿದಾಗ ತರಕಾರಿಯನ್ನು ಬದಿಗೆ ಸರಿಸಿ, ಕರಗಿಸಿ ಒರೆಸಿಟ್ಟ ಮೀನನ್ನು ಮಧ್ಯದಲ್ಲಿಡಿ. ಮೀನಿಗೆ ಸ್ವಲ್ಪ ಎಣ್ಣೆ, ಉಪ್ಪು, ಕಾಳುಮೆಣಸಿನ ಪುಡಿ, ಜಜ್ಜಿದ ಬೆಳ್ಳುಳ್ಳಿ ಸವರಿದರೆ ಆಯಿತು. ಎರಡು ಸೆಂಟಿಮೀಟರ್ ದಪ್ಪದ ತುಂಡಿಗೆ 10ರಿಂದ 12 ನಿಮಿಷ ಹಿಡಿಯುತ್ತದೆ. ತರಕಾರಿಗೆ ಉಪ್ಪು, ಎಲ್ಲದರ ಮೇಲೆ ನಿಂಬೆರಸ, ಹೊರತೆಗೆದ ಮೇಲೆ. ಮೀನಿನ ವಾಸನೆ ಇಷ್ಟವಿಲ್ಲದವರಿಗೆ ನಿಂಬೆಯೇ ಮದ್ದು. ಆ ವಾಸನೆಗೆ ಕಾರಣವಾದ ಅಮೈನ್ ಎಂಬ ರಾಸಾಯನಿಕಗಳನ್ನು ಹುಳಿ ಅಡಗಿಸುತ್ತದೆ.

ತರಕಾರಿಯನ್ನು ಕರಗಿಸಬೇಡಿ ಎಂದದ್ದಕ್ಕೆ ಕಾರಣವಿದೆ. ಫ್ರೀಜ್ ಮಾಡುವ ಮೊದಲೇ ಹೆಚ್ಚಿನ ತರಕಾರಿಗಳನ್ನು ಕುದಿನೀರಲ್ಲೋ ಹಬೆಯಲ್ಲೋ ಸ್ವಲ್ಪ ಹೊತ್ತು ಬೇಯಿಸಿರುತ್ತಾರೆ. ಅಂದರೆ ಅರ್ಧ ಕೆಲಸ ಮುಗಿದೇ ಇರುತ್ತದೆ. ತಾಜಾ ತರಕಾರಿಯಷ್ಟೇ ಹೊತ್ತು ಬೇಯಿಸಿದರೆ ಮುದ್ದೆಯಾಗದೆ ಇನ್ನೇನು? ಬಟಾಣಿಗಂತೂ ಎರಡು ಮೂರು ನಿಮಿಷ ಸಾಕು. ಹಾಗೆಂದು ಪ್ಯಾಕೆಟ್‌ನಿಂದ ನೇರವಾಗಿ ಸಲಾಡ್‌ಗೆ ಹಾಕಬೇಡಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರೀಜರ್‌ನ ಚಳಿಯಲ್ಲೂ ಸಾಯುವುದಿಲ್ಲ.

ಓವನ್ ಇಲ್ಲದಿದ್ದರೆ ಅಥವಾ ಮೀನು ಕರಗಿಸಲು ಮರೆತಿದ್ದರೆ ಟೊಮೆಟೊ ಗ್ರೇವಿ ಮಾಡಿ. ಅಗಲವಾದ ಬಾಣಲೆಯಲ್ಲಿ ಒಂದು ಈರುಳ್ಳಿ, ಮೂರು ಎಸಳು ಬೆಳ್ಳುಳ್ಳಿ ಬಾಡಿಸಿ, 400 ಗ್ರಾಂ ಹೆಚ್ಚಿದ ಟೊಮೆಟೊ ಹಾಕಿ ಬೇಕೆನಿಸುವುದಕ್ಕಿಂತ ಗಟ್ಟಿಯಾಗುವವರೆಗೆ ಕುದಿಸಿ. ನೀರು ಹಾಕಲೇಬೇಡಿ, ಮೀನು ತರಕಾರಿ ಬಿಡುವ ನೀರೇ ಅದನ್ನು ಹದಕ್ಕೆ ತರುತ್ತದೆ. 300 ಗ್ರಾಂ ಬೀನ್ಸ್, ಕ್ಯಾರೆಟ್ ಸೇರಿಸಿ ಮತ್ತೆ ಕುದಿ ಬಂದಾಗ ಉರಿ ಸಣ್ಣಗೆ ಮಾಡಿ. ಮೀನಿನ ಮೇಲಿನ ಮಂಜಿನ ಪದರವನ್ನು ತಣ್ಣೀರಲ್ಲಿ ತೊಳೆದು ಒರೆಸಿ, ತುಂಡುಗಳನ್ನು ಗ್ರೇವಿಯಲ್ಲಿ ಮುಳುಗಿಸಿ ಮುಚ್ಚಳ ಮುಚ್ಚಿ. ಕರಗಿಸದ ಮೀನಿಗೆ 12ರಿಂದ 15 ನಿಮಿಷ ಬೇಕು. ಸೌಟು ಆಡಿಸಬೇಡಿ, ಬಾಣಲೆಯನ್ನೇ ಮೆಲ್ಲನೆ ಅಲುಗಾಡಿಸಿ. ಕೊತಕೊತ ಕುದಿಸಿದರೂ ಮೀನು ಒಡೆಯುತ್ತದೆ. ಅನ್ನ, ಬ್ರೆಡ್ ಯಾವುದಕ್ಕಾದರೂ ಹೊಂದುತ್ತದೆ.

ಬೆಂದಿದೆಯೇ ಎಂದು ನೋಡಲು ದಪ್ಪನೆಯ ಭಾಗಕ್ಕೆ ಚಾಕುವಿನ ತುದಿ ಹಾಕಿ. ಗಾಜಿನಂಥ ಹೊಳಪು ಹೋಗಿ ಪದರಗಳು ಸಲೀಸಾಗಿ ಬಿಡಬೇಕು. ಥರ್ಮಾಮೀಟರ್ ಇದ್ದರೆ ಒಳಗೆ 63 ಡಿಗ್ರಿ. ಸಾಲ್ಮನ್ ಮೇಲೆ ಬಿಳಿ ಮೊಸರಿನಂಥದ್ದು ವಿಪರೀತ ಉಕ್ಕಿದರೆ ಉರಿ ಅಥವಾ ಹೊತ್ತು ಹೆಚ್ಚಾಯಿತು ಎಂದೇ ಅರ್ಥ. ಅದು ಪ್ರೋಟೀನ್, ತಿಂದರೆ ತೊಂದರೆಯಿಲ್ಲ.

ಮೀನು ಕರಗಿಸಲು ಹಿಂದಿನ ರಾತ್ರಿಯೇ ಫ್ರಿಜ್‌ನ ಕೆಳಗಿನ ಶೆಲ್ಫ್‌ನಲ್ಲಿ, ಒಂದು ಬಟ್ಟಲಲ್ಲಿಡುವುದು ಒಳ್ಳೆಯದು. ಗಾಳಿ ತೆಗೆದು ಸೀಲ್ ಮಾಡಿದ ಪ್ಯಾಕೆಟ್ ಆದರೆ ಫ್ರಿಜ್‌ಗಿಡುವ ಮೊದಲೇ ಕತ್ತರಿಸಿ ತೆರೆಯಿರಿ. ಗಾಳಿಯಿಲ್ಲದ ಕಡೆ ಬೊಟುಲಿಸಂ ಎಂಬ ಅಪಾಯಕಾರಿ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ಬೆಳೆಯಬಲ್ಲದು. ತುಂಬಾ ಜನ ಇದನ್ನು ಬಿಟ್ಟುಬಿಡುತ್ತಾರೆ. ಅವಸರವಿದ್ದರೆ ಸೀಲ್ ಪ್ಯಾಕೆಟ್‌ನಿಂದ ತೆಗೆದು, ನೀರು ನುಗ್ಗದ ಬೇರೆ ಚೀಲಕ್ಕೆ ಹಾಕಿ ತಣ್ಣೀರಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಮುಳುಗಿಸಿ, ಕೂಡಲೇ ಬೇಯಿಸಿ. ಬಿಸಿನೀರು ಬೇಡ, ಅಂಚು ಬೆಂದು ನಡುವೆ ಕಲ್ಲಾಗಿಯೇ ಉಳಿಯುತ್ತದೆ. ಕರಗಿದ ಮೇಲೆ ಪೇಪರ್ ಟವೆಲ್‌ನಿಂದ ಎರಡೂ ಬದಿ ಒತ್ತಿ ಒರೆಸಿ. ಇಡೀ ಅಡುಗೆಯಲ್ಲಿ ಒಂದೇ ಕೆಲಸ ಶ್ರದ್ಧೆಯಿಂದ ಮಾಡುವುದಾದರೆ ಇದನ್ನು ಮಾಡಿ.

ಮಕ್ಕಳಿಗೆ ಕೊಡುವಾಗ, ಪ್ಯಾಕೆಟ್ ಮೇಲೆ ಮುಳ್ಳಿಲ್ಲ ಎಂದು ಬರೆದಿದ್ದರೂ ತುಂಡಿನ ಮಧ್ಯದ ಗೆರೆಗುಂಟ ಬೆರಳು ಹಾಯಿಸಿ ನೋಡಿ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಬೇಟೆ ಮೀನುಗಳಲ್ಲಿ ಪಾದರಸ ಹೆಚ್ಚು. ಮಕ್ಕಳಿಗೂ ಗರ್ಭಿಣಿಯರಿಗೂ ಅವು ಬೇಡ. ಬ್ರೆಡ್ ಪುಡಿ ಮೆತ್ತಿದ ಮೀನನ್ನು ಕರಗಿಸದೆ ಓವನ್‌ಗೆ ಹಾಕಿ, ಇಲ್ಲವಾದರೆ ಮೇಲಿನ ಪದರ ಹಿಟ್ಟಾಗುತ್ತದೆ. ಅದರಲ್ಲಿ ಉಪ್ಪು ಮೊದಲೇ ಇರುತ್ತದೆ, ಜೊತೆಗಿನ ತರಕಾರಿಗೆ ಕೈ ಹಿಡಿದು ಹಾಕಿ.