ಆಶ್ರಯ ಮನೆಗೆ ಬೀಗ ಹಾಕಿ ಮೈಸೂರಿಗೆ ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮದು ರಿಪ್ಪನ್‌ಪೇಟೆ ಹತ್ತಿರದ ಹಳ್ಳಿ. ಪಂಚಾಯ್ತಿ ಕೊಟ್ಟ ಸೈಟಲ್ಲಿ ನನ್ನ ಹೆಸರಿಗೆ ಆಶ್ರಯ ಮನೆ ಆಗಿದೆ, ಹಕ್ಕುಪತ್ರ ಇದೆ. ಮನೆಯವರು ತೀರಿಕೊಂಡಿದ್ದಾರೆ. ಮಗಳು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬಾಣಂತನ ಮುಗಿಸಿ ಕಳಿಸಿಕೊಟ್ಟೆ. ಈಗ ಮಗು ನೋಡಿಕೊಳ್ಳೋಕೆ ಯಾರೂ ಇಲ್ಲ, ನೀನೂ ಬಾ ಅಂತಿದ್ದಾಳೆ. ಹೋದರೆ ಮೂರ್ನಾಲ್ಕು ವರ್ಷ ಅಲ್ಲೇ. ಬೀಗ ಹಾಕಿದರೆ ಪಂಚಾಯ್ತಿಯವರು ಮನೆ ವಾಪಸ್ ತಗೊಳ್ತಾರೆ ಅಂತ ಊರಲ್ಲಿ ಹೆದರಿಸ್ತಾರೆ. ನಮ್ಮ ಕೇರಿಯವರೇ ಒಬ್ಬರು ‘ಮೂರು ಲಕ್ಷ ಕೊಡ್ತೀನಿ, ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಹೋಗಿ’ ಅಂತಿದ್ದಾರೆ. ಏನು ಮಾಡಲಿ? ರೇಷನ್ ಕಾರ್ಡ್, ಗೃಹಲಕ್ಷ್ಮಿ ದುಡ್ಡು ಏನಾಗುತ್ತೆ? ಮೈಸೂರಲ್ಲಿ ಇನ್ನೊಂದು ಸರ್ಕಾರಿ ಮನೆಗೆ ಅರ್ಜಿ ಹಾಕಬಹುದಾ?
– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಅಕ್ಕ, ಮೊದಲು ಆ ಛಾಪಾ ಕಾಗದದ ವಿಷಯ ಮುಗಿಸಿಬಿಡೋಣ. ಸಹಿ ಹಾಕಬೇಡಿ. ಮೂರು ಲಕ್ಷಕ್ಕೂ ಬೇಡ, ಆರು ಲಕ್ಷಕ್ಕೂ ಬೇಡ.

ಪಂಚಾಯ್ತಿ ಕಾರ್ಯದರ್ಶಿಯಾಗಿದ್ದಾಗ ನಾನು ಕಂಡ ಆಶ್ರಯ ಮನೆ ಜಗಳಗಳಲ್ಲಿ ಬಹುಪಾಲು ಶುರುವಾಗಿದ್ದು ಇಂಥ ಕಾಗದದಿಂದಲೇ. ನಡೆಯುವುದು ಹೀಗೆ. ಒಂದು ಲಕ್ಷ ಕೈಗೆ ಕೊಟ್ಟು ಬೀಗದ ಕೈ ಇಸ್ಕೊಳ್ಳುತ್ತಾರೆ. ಉಳಿದದ್ದು ಅಡಿಕೆ ಕೊಯ್ಲು ಮುಗಿಯಲಿ ಅನ್ನುತ್ತಾರೆ. ಕೊಯ್ಲು ಮುಗಿದ ಮೇಲೆ ರೇಟು ಬಿದ್ದಿದೆ ಅನ್ನುತ್ತಾರೆ. ನೀವು ಮೈಸೂರಲ್ಲಿ ಕೂತು ಫೋನ್ ಮಾಡುತ್ತಲೇ ಇರಬೇಕು. ದೂರು ಕೊಡೋಣ ಅಂದರೆ, ಮಾರಬಾರದ ಮನೆ ಮಾರಿದ್ದು ನೀವೇ ಅಲ್ವಾ? ಅದು ಅವರಿಗೂ ಚೆನ್ನಾಗಿ ಗೊತ್ತಿರುತ್ತದೆ.

ಹಕ್ಕುಪತ್ರ ತೆಗೆದು ಅದರಲ್ಲಿರುವ ಷರತ್ತುಗಳನ್ನು ನಿಧಾನಕ್ಕೆ ಓದಿ. ಇಂತಿಷ್ಟು ವರ್ಷ ಪರಭಾರೆ ಮಾಡುವಂತಿಲ್ಲ, ಅಂದರೆ ಬೇರೆಯವರಿಗೆ ವರ್ಗಾಯಿಸುವಂತಿಲ್ಲ ಅಂತ ಇರುತ್ತದೆ. ಆ ವರ್ಷಗಳ ಲೆಕ್ಕ ಯೋಜನೆಯಿಂದ ಯೋಜನೆಗೆ ಬೇರೆ. ಹಾಗಾಗಿ ಪಕ್ಕದ ಮನೆಯವರ ಪತ್ರ ನೋಡಿ ನಿಮ್ಮದನ್ನು ತೀರ್ಮಾನಿಸಬೇಡಿ. ಅವಧಿ ಮುಗಿದ ಮೇಲೂ ಮಾರಾಟಕ್ಕೆ ದಾರಿ ಒಂದೇ: ಇ-ಸ್ವತ್ತಿನಲ್ಲಿ (ಪಂಚಾಯ್ತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಿಮ್ಮ ಮನೆಯ ಖಾತೆ ತೆಗೆಸಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಮಾಡಿಸುವುದು. ಬರೀ ಕರಾರು ಪತ್ರದಿಂದ, ಜಿಪಿಎಯಿಂದ (ಸಾಮಾನ್ಯ ಅಧಿಕಾರ ಪತ್ರ) ಆಸ್ತಿಯ ಹಕ್ಕು ಕೈ ಬದಲಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಆದರೂ ನಮ್ಮ ಕಡೆ ಛಾಪಾ ಕಾಗದ ಅಂದರೆ ಇನ್ನೂ ದೇವರ ಪ್ರಸಾದ.

ಈ ಮನೆಗಳನ್ನು ಹೆಂಗಸರ ಹೆಸರಿಗೆ ಮಂಜೂರು ಮಾಡುವುದು ಸುಮ್ನೆ ಅಲ್ಲ. ನಿಮ್ಮ ಹೆಸರಲ್ಲಿರುವ ಆಸ್ತಿ ಬಹುಶಃ ಇದೊಂದೇ. ಮಗಳು, ಅಳಿಯ ಇಬ್ಬರೂ ಒಳ್ಳೆಯವರೇ ಇರಬಹುದು. ಆದರೆ ಮೊಮ್ಮಗು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ಆ ಬಾಡಿಗೆ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಕೂತು ನಿಮಗೇ ಬೇಜಾರು ಬಂದೀತು. ಆಗ ‘ನಾನು ಊರಿಗೆ ಹೋಗ್ತೀನಿ’ ಅನ್ನೋಕೆ ನಿಮ್ಮದೇ ಒಂದು ಬಾಗಿಲು ಬೇಕಲ್ಲ. ನನ್ನ ಮಾತು ಕೇಳುವುದಾದರೆ ಮನೆ ಉಳಿಸಿಕೊಂಡೇ ಹೋಗಿ.

ಈಗ ಬೀಗದ ವಿಷಯ. ನೀವು ಬಸ್ ಹತ್ತಿದ ತಕ್ಷಣ ಯಾರೂ ಬಂದು ಮನೆ ಕಿತ್ತುಕೊಳ್ಳುವುದಿಲ್ಲ. ಮಂಜೂರಾತಿ ರದ್ದು ಮಾಡುವ ಮುಂಚೆ ನೋಟಿಸ್ ಕೊಟ್ಟು ನಿಮ್ಮ ಉತ್ತರ ಕೇಳಬೇಕು. ತೊಂದರೆ ಆಗುವುದು ಎಲ್ಲಿ ಅಂದರೆ, ಸರ್ವೆಗೆ ಬಂದಾಗ ಬಾಗಿಲು ಹಾಕಿರುತ್ತದೆ, ಪಕ್ಕದವರು ‘ಅವರು ಊರು ಬಿಟ್ಟರು’ ಅಂತಾರೆ, ಬಾಗಿಲಿಗೆ ಅಂಟಿಸಿದ ನೋಟಿಸ್ ಮಳೆಗೆ ನೆನೆದು ಹೋಗುತ್ತದೆ. ನಿಮಗೆ ಗೊತ್ತಾಗುವಷ್ಟರಲ್ಲಿ ಕಡತದಲ್ಲಿ ‘ಫಲಾನುಭವಿ ವಾಸವಿಲ್ಲ’ ಅಂತ ಬರೆದಾಗಿರುತ್ತದೆ.

ಅದಕ್ಕೆ ಹೊರಡುವ ಮುಂಚೆ ಪಿಡಿಒಗೆ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಒಂದು ಪತ್ರ ಕೊಡಿ. ಉದ್ದ ಬೇಡ. ‘ಮಗಳ ಮಗುವನ್ನು ನೋಡಿಕೊಳ್ಳಲು ತಾತ್ಕಾಲಿಕವಾಗಿ ಮೈಸೂರಿಗೆ ಹೋಗುತ್ತಿದ್ದೇನೆ. ಮನೆಯನ್ನು ಮಾರಿಲ್ಲ, ಬಾಡಿಗೆಗೆ ಕೊಟ್ಟಿಲ್ಲ. ಹಬ್ಬಹರಿದಿನಕ್ಕೆ ಬಂದು ಹೋಗುತ್ತೇನೆ. ಯಾವುದೇ ನೋಟಿಸ್ ಇದ್ದರೆ ಈ ವಿಳಾಸಕ್ಕೆ, ಈ ಫೋನ್ ನಂಬರಿಗೆ ತಿಳಿಸಿ.’ ಇಷ್ಟು ಸಾಕು. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ‘ಇಟ್ಟು ಹೋಗಿ, ಆಮೇಲೆ ನೋಡ್ತೀವಿ’ ಅಂದರೆ ಒಪ್ಪಬೇಡಿ, ಬೆಂಚಿನ ಮೇಲೆ ಕೂತುಬಿಡಿ. ಮನೆ ಕಂದಾಯ ಪ್ರತಿ ವರ್ಷ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಹಕ್ಕುಪತ್ರದ ಅಸಲು ಪ್ರತಿ ನಿಮ್ಮ ಜೊತೆ ಮೈಸೂರಿಗೆ ಹೋಗಲಿ. ಅದನ್ನು ಕೇರಿಯಲ್ಲಿ ಯಾರ ಕೈಗೂ ಕೊಡಬೇಡಿ.

ಪಂಚಾಯ್ತಿಗಿಂತ ನನಗೆ ಜಾಸ್ತಿ ಹೆದರಿಕೆ ಮಳೆಯದು. ನಿಮ್ಮ ಮನೆ ಹೆಂಚಿನದೋ ಆರ್‌ಸಿಸಿಯೋ ಬರೆದಿಲ್ಲ. ಹೆಂಚಿನದಾದರೆ ಮೂರು ಮಳೆಗಾಲ ಬೀಗ ಹಾಕಿಟ್ಟ ಮನೆ ಉಳಿಯುವುದು ಕಷ್ಟ. ಮಂಗ ಒಂದು ಹೆಂಚು ಸರಿಸಿದರೆ ಸಾಕು, ನೀರು ಹೆಂಚಿನ ಕೆಳಗಿನ ರೀಪಿಗೆ ಇಳಿಯುತ್ತದೆ. ರೀಪು ಕುಂಬಾಗಿ, ಅದನ್ನು ಹೊತ್ತ ಪಕಾಸಿಗೆ ಬರುತ್ತದೆ. ಮನೆಯಲ್ಲಿ ಜನ ಇದ್ದರೆ ಸೋರಿದ ದಿನವೇ ಒಂದು ಪಾತ್ರೆ ಇಟ್ಟು, ಮಳೆ ಹೊಳವಾದಾಗ ಮೇಲೆ ಹತ್ತಿ ಹೆಂಚು ಸರಿ ಮಾಡುತ್ತಾರೆ. ಯಾರೂ ಇಲ್ಲದಿದ್ದರೆ ಆಷಾಢದಲ್ಲಿ ಸರಿದ ಹೆಂಚು ದೀಪಾವಳಿವರೆಗೂ ಹಾಗೇ. ಒಲೆ ಉರಿಯದ ಮನೆಗೆ ಒರಲೆ ಬೇಗ ಹಿಡಿಯುತ್ತದೆ. ಪಡುವಣ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವವರು ಬೇಡವಾ? ಆರ್‌ಸಿಸಿ ಆದರೂ ತಾರಸಿಯ ನೀರು ಹೋಗುವ ಪೈಪಿಗೆ ಎಲೆ ಕಟ್ಟಿಕೊಂಡರೆ ಕೆರೆಯಂತೆ ನೀರು ನಿಲ್ಲುತ್ತದೆ.

ಹಾಗಾಗಿ ಯಾರನ್ನಾದರೂ ಇರಿಸಿ. ತಂಗಿಯ ಮಗ, ನಾದಿನಿಯ ಮಕ್ಕಳು, ರಿಪ್ಪನ್‌ಪೇಟೆಗೆ ಕಾಲೇಜಿಗೆ ಹೋಗುವ ನೆಂಟರ ಹುಡುಗರು ಯಾರೂ ಇಲ್ವಾ? ಬಾಡಿಗೆ ಬೇಡ, ಬಾಡಿಗೆ ಕರಾರು ಮೊದಲೇ ಬೇಡ. ಕರೆಂಟ್ ಬಿಲ್ಲು ಬಂದರೆ ಅವರು ಕಟ್ಟಿಕೊಳ್ಳಲಿ. ಒಂದು ಕೋಣೆಯಲ್ಲಿ ನಿಮ್ಮ ಪಾತ್ರೆ, ಬಟ್ಟೆ, ದೇವರ ಫೋಟೊ ಇಟ್ಟು ಬೀಗ ಹಾಕಿ. ಪಿಡಿಒಗೆ ಕೊಡುವ ಪತ್ರದಲ್ಲಿ ಇವರ ಹೆಸರು, ಸಂಬಂಧ ಬರೆದುಬಿಡಿ. ಹಣ ತೆಗೆದುಕೊಂಡು ಹೊರಗಿನವರನ್ನು ಇರಿಸುವುದು ಬೇರೆ, ಮನೆ ನೋಡಿಕೊಳ್ಳಲು ನೆಂಟರನ್ನು ಇರಿಸುವುದು ಬೇರೆ.

ರೇಷನ್ ಬಗ್ಗೆ ಚಿಂತೆ ಬೇಡ. ನಿಮ್ಮ ಕಾರ್ಡು ಹೊಸನಗರ ತಾಲ್ಲೂಕಿನದೇ ಇರಲಿ, ಮೈಸೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಿದರೆ ಅಕ್ಕಿ ಸಿಗುತ್ತದೆ. ಆದರೆ ಒಂದು ಎಚ್ಚರ. ಮಗಳೋ ಅಳಿಯನೋ ‘ಅತ್ತೆ ಹೆಸರನ್ನು ನಮ್ಮ ಕಾರ್ಡಿಗೇ ಸೇರಿಸೋಣ’ ಅಂದರೆ ಬೇಡ ಅನ್ನಿ. ಗೃಹಲಕ್ಷ್ಮಿಯ 2,000 ರೂಪಾಯಿ ಬರುವುದು ಕಾರ್ಡಿನಲ್ಲಿ ಯಜಮಾನಿಯಾಗಿರುವವರಿಗೆ. ಈಗ ನಿಮ್ಮ ಕಾರ್ಡಿಗೆ ನೀವೇ ಯಜಮಾನಿ. ಮಗಳ ಕಾರ್ಡಿಗೆ ಸೇರಿದರೆ ಆ ದುಡ್ಡೂ ನಿಲ್ಲುತ್ತದೆ, ನಿಮ್ಮ ಮನೆಯ ವಿಳಾಸದಲ್ಲಿ ಒಂದು ಕುಟುಂಬ ಇದೆ ಅನ್ನುವ ದಾಖಲೆಯೂ ಹೋಗುತ್ತದೆ. ವಿಧವಾ ವೇತನ ಬರುತ್ತಿದ್ದು, ಅದನ್ನು ಪೋಸ್ಟ್‌ಮ್ಯಾನ್ ಮನೆಗೆ ತಂದು ಕೊಡುತ್ತಿದ್ದರೆ ಹೊರಡುವ ಮುಂಚೆ ಬ್ಯಾಂಕ್ ಖಾತೆಗೆ ಬರುವಂತೆ ಮಾಡಿಸಿ. ಗೃಹಜ್ಯೋತಿಯನ್ನು ಮುಟ್ಟಲೇಬೇಡಿ. ಅದು ನಿಮ್ಮ ಮನೆಯ ಆರ್‌ಆರ್ ನಂಬರಿಗೆ (ಕರೆಂಟ್ ಸಂಪರ್ಕದ ನಂಬರು) ಅಂಟಿಕೊಂಡಿದೆ. ಮೈಸೂರಿನ ಮನೆಯದನ್ನು ಮಗಳು ನೋಡಿಕೊಳ್ಳುತ್ತಾಳೆ.

ಇನ್ನೊಂದು ಸರ್ಕಾರಿ ಮನೆ? ನಿಮಗೆ ಸಿಗುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ದೇಶದ ಯಾವ ಮೂಲೆಯಲ್ಲೂ ಪಕ್ಕಾ ಮನೆ ಇರಬಾರದು ಅನ್ನುವುದು ಮೊದಲ ಷರತ್ತು. ಮಗಳ ಸಂಸಾರದ ಕಥೆ ಬೇರೆ. ಆ ಯೋಜನೆಯಲ್ಲಿ ಕುಟುಂಬ ಅಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಮದುವೆಯಾದ ಮಗಳದ್ದು ಬೇರೆಯೇ ಕುಟುಂಬ. ಅವರಿಗೆ ಸ್ವಂತ ಮನೆ ಇಲ್ಲದೆ, ಆದಾಯ ಮಿತಿಯೊಳಗಿದ್ದರೆ ಅವರ ಹೆಸರಲ್ಲಿ ಅರ್ಜಿ ಹಾಕಬಹುದು. ನಿಮ್ಮ ಆಶ್ರಯ ಮನೆ ಅದಕ್ಕೆ ಅಡ್ಡ ಬರುವುದಿಲ್ಲ.

ಓಡಾಟಕ್ಕೆ ತಾಳಗುಪ್ಪ–ಮೈಸೂರು ರೈಲು ನಿಮ್ಮ ಕಡೆಯಿಂದಲೇ ಹಾದುಹೋಗುತ್ತದಲ್ಲ. ಸಾಮಾನ್ಯ ಸರ್ಕಾರಿ ಬಸ್ಸಲ್ಲಾದರೆ ಹೆಂಗಸರಿಗೆ ಟಿಕೆಟ್ ದುಡ್ಡೂ ಇಲ್ಲ. ಆದರೆ ಶಿವಮೊಗ್ಗದಿಂದ ಈಚೆಗೆ ನಮ್ಮದೆಲ್ಲ ಖಾಸಗಿ ಬಸ್ಸೇ ಜಾಸ್ತಿ. ಅದಕ್ಕೆ ಚಿಲ್ಲರೆ ಇಟ್ಟುಕೊಳ್ಳಿ.

ಪ್ರಶ್ನೆ: ಸಾಗರದಲ್ಲಿ ಸರ್ಕಾರಿ ಕ್ವಾರ್ಟರ್ಸ್‌ನಲ್ಲಿದ್ದೇವೆ. ನಮ್ಮೆಜಮಾನ್ರಿಗೆ ಬಳ್ಳಾರಿಗೆ ವರ್ಗವಾಗಿದೆ. ಮಗನ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ನಾವಿಬ್ಬರು ಇಲ್ಲೇ ಇರಬಹುದಾ? ಆಫೀಸಿನವರು ‘ಇರಿ ಬಿಡಿ’ ಅಂದಿದ್ದಾರೆ.
– ಗೃಹಿಣಿ, ಸಾಗರ

ಉತ್ತರ: ಬಾಯಿಮಾತಿನ ‘ಇರಿ ಬಿಡಿ’ ನಂಬಬೇಡಿ. ಹೇಳಿದವರಿಗೂ ನಾಳೆ ವರ್ಗವಾಗುತ್ತದೆ. ಯಜಮಾನರು ರಿಲೀವ್ ಆಗುವ ಮುಂಚೆಯೇ, ಮನೆ ಹಂಚಿಕೆ ಮಾಡಿದ ಅಧಿಕಾರಿಗೆ ಲಿಖಿತ ಅರ್ಜಿ ಕೊಡಲಿ. ಹತ್ತನೇ ಕ್ಲಾಸ್ ಓದುತ್ತಿರುವ ಬಗ್ಗೆ ಶಾಲೆಯಿಂದ ಪತ್ರ ಲಗತ್ತಿಸಲಿ. ಯಾವ ತಾರೀಖಿನವರೆಗೆ ಅಂತ ಆದೇಶದಲ್ಲಿ ಸ್ಪಷ್ಟವಾಗಿ ಬರಬೇಕು. ಅನುಮತಿ ಇಲ್ಲದೆ ಉಳಿದರೆ ದಂಡದ ಬಾಡಿಗೆ ಬೀಳುತ್ತದೆ, ಅದನ್ನು ಸಂಬಳದಲ್ಲೇ ಹಿಡಿಯುತ್ತಾರೆ. ಬಳ್ಳಾರಿಯಲ್ಲಿ ಮನೆ ಬಾಡಿಗೆ ಭತ್ಯೆ ಕೇಳುವಾಗಲೂ ಇದು ಅಡ್ಡ ಬರಬಹುದು, ಎರಡನ್ನೂ ಒಟ್ಟಿಗೇ ಕೇಳಿಕೊಳ್ಳಲಿ. ಮನೆ ಬಿಡುವ ದಿನ ಕೀ ಒಪ್ಪಿಸಿದ್ದಕ್ಕೆ, ಕರೆಂಟು ನೀರಿನ ಬಾಕಿ ಇಲ್ಲದ್ದಕ್ಕೆ ಕಾಗದ ಪಡೆಯುವುದನ್ನು ಮರೆಯಬೇಡಿ. ನಿವೃತ್ತಿ ಹೊತ್ತಿಗೆ ಹುಡುಕುವುದು ಅದನ್ನೇ.

ಪ್ರಶ್ನೆ: ಕೊಪ್ಪದಿಂದ ಶಿವಮೊಗ್ಗಕ್ಕೆ ಬರ್ತಿದ್ದೀವಿ. ಆಶ್ರಯ ಬಡಾವಣೆಯೊಂದರಲ್ಲಿ ಎರಡೂವರೆ ಲಕ್ಷಕ್ಕೆ ಮನೆ ಭೋಗ್ಯಕ್ಕೆ ಸಿಗ್ತಿದೆ. ತಗೊಳ್ಳಬಹುದಾ?
– ಆಟೊ ಚಾಲಕ, ಕೊಪ್ಪ

ಉತ್ತರ: ಬೇಡ ತಮ್ಮ. ಮೇಲಿನ ಅಕ್ಕನಿಗೆ ಹೇಳಿದ್ದರ ಇನ್ನೊಂದು ಮಗ್ಗುಲು ಇದು. ಭೋಗ್ಯಕ್ಕೆ ಕೊಡಬಾರದವರು ಕೊಟ್ಟರೆ ನಾಳೆ ನೋಟಿಸ್ ಬಂದಾಗ ಬೀದಿಗೆ ಬರುವವರು ನೀವು. ನಿಮ್ಮ ಎರಡೂವರೆ ಲಕ್ಷ ಅಷ್ಟರಲ್ಲಿ ಅವರ ಸಾಲಕ್ಕೋ ಮದುವೆ ಖರ್ಚಿಗೋ ಹೋಗಿರುತ್ತದೆ. ತಿಂಗಳ ಬಾಡಿಗೆಯ ಮನೆ ನೋಡಿ. 11 ತಿಂಗಳ ಕರಾರು ಮಾಡಿಕೊಳ್ಳಿ, ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಯಾವ ಮನೆಯೇ ಆಗಲಿ, ಖಾತೆ ಯಾರ ಹೆಸರಲ್ಲಿದೆ ತೋರಿಸಿ ಅನ್ನಿ. ಮಾತು ಹಾರಿಸಿದರೆ ಅಡ್ವಾನ್ಸ್ ನಿಮ್ಮ ಜೇಬಲ್ಲೇ ಇರಲಿ.